ರೆನ್ಸೋ ಭದ್ರಾವತಿಯಲ್ಲಿದ್ದ ಮಳೆಗಾಲ

ಮೊನ್ನೆ ಶಾಲೆಯ ಮಕ್ಕಳನ್ನು ಓಟದ ಸ್ಪರ್ಧೆಗೆ ಕರೆದುಕೊಂಡು ಶಿವಮೊಗ್ಗದ ಕ್ರೀಡಾಂಗಣಕ್ಕೆ ಹೋಗಬೇಕಾಯಿತು. ಸಾಮಾನ್ಯವಾಗಿ ಆ ಕೆಲಸವನ್ನು ನಮ್ಮ ಶಾಲೆಯ ಇನ್ನೊಬ್ಬ ಪಿ.ಟಿ. ಮೇಷ್ಟ್ರಿಗೆ ದಾಟಿಸಿ ನಾನು ತಪ್ಪಿಸಿಕೊಳ್ಳುತ್ತೇನೆ. ಈ ಸಲ ಅವರಿಗೆ ಜ್ವರ. ಮೊದಲ ಓಟ ಮುಗಿಯುವಷ್ಟರಲ್ಲಿ ಮಳೆ ಬಂತು. ಮಕ್ಕಳೆಲ್ಲ ಗ್ಯಾಲರಿಯ ಕೆಳಗೆ ಓಡಿದರು. ನಾನು ನಿಂತಲ್ಲೇ ನಿಂತೆ. ಬೆಳಿಗ್ಗೆ ಎಳೆದಿದ್ದ ಗೆರೆಗಳು ಕರಗಿ ಹಾಲಿನಂಥ ನೀರು ಹುಲ್ಲಿನೊಳಗೆ ಹರಿಯುತ್ತಿತ್ತು. ಒದ್ದೆ ಸುಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ಆ ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು. ಟೀಚರ್ ನೆನೀತಿದ್ದಾರೆ ಅಂತ ಯಾರೋ ಕೂಗಿದರು. ನೆನೆಯಲಿ ಬಿಡಿ ಅಂದೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಅದರಾಚೆ ತೆಲುಗು. ಎಲ್ಲ ಮನೆಗಳಿಗೂ ಒಂದೇ ಆಗಿದ್ದದ್ದು ಸೈರನ್ ಮತ್ತು ಫುಟ್‌ಬಾಲ್. ಸಂಜೆ ಪಾಳಿ ಬಿಟ್ಟ ಮೇಲೆ ದೊಡ್ಡವರು ಬೂಟು ಹಾಕಿಕೊಂಡು ಆಡುತ್ತಿದ್ದರು, ಅವರು ಬರುವ ತನಕ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಹುಡುಗರ ಜೊತೆ ನಾನೊಬ್ಬಳು. ಬೈಯುವವರು ಬೈದರು, ಅಪ್ಪ ಬೈಯಲಿಲ್ಲ. ಕಾಲೇಜಿಗೆ ಆಡಿದೆ, ವಿಶ್ವವಿದ್ಯಾಲಯಕ್ಕೆ ಆಡಿದೆ, ರಾಜ್ಯ ತಂಡದ ಶಿಬಿರದವರೆಗೂ ಹೋಗಿ ಬಂದೆ. ಎಲ್ಲಿ ಹೋದರೂ ಮಿಡ್‌ಫೀಲ್ಡ್. ಗೋಲು ಹೊಡೆದವರ ಫೋಟೊ ಪೇಪರಿನಲ್ಲಿ ಬರುತ್ತೆ, ತಡೆದವರದ್ದೂ ಬರುತ್ತೆ, ನಡುವೆ ಓಡಾಡಿದವರದ್ದು ಬರುವುದಿಲ್ಲ. ನನಗೆ ಅದರ ಬೇಜಾರಿರಲಿಲ್ಲ. ಚೆಂಡು ಯಾವ ಕಡೆ ಹೋಗಬೇಕಾದರೂ ನನ್ನನ್ನು ಕೇಳಿಕೊಂಡು ಹೋಗಬೇಕಿತ್ತು, ಅಷ್ಟು ಸಾಕಿತ್ತು.

ಮದುವೆಯಾದ ಮೇಲೂ ಆಡಿದೆ, ಮಗಳು ಹುಟ್ಟಿದ ಮೇಲೂ ಆಡಿದೆ. ಆಟ ನಿಂತದ್ದು ಮೊಣಕಾಲಿನಿಂದ. ಶಿಕ್ಷಕರ ಒಂದು ಪಂದ್ಯದಲ್ಲಿ, ನನ್ನ ಹತ್ತಿರ ಯಾರೂ ಇರಲಿಲ್ಲ, ಸುಮ್ಮನೆ ತಿರುಗಿದೆ. ಒಳಗೆ ಏನೋ ಲಟಕ್ ಅಂತು. ಶಿವಮೊಗ್ಗದ ಮೂಳೆ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಲಿಗಮೆಂಟು ಹರಿದಿದೆ, ನಡೆಯೋಕೆ, ಮೆಟ್ಟಿಲು ಹತ್ತೋಕೆ ತೊಂದರೆ ಇಲ್ಲ, ಆಪರೇಷನ್ನೂ ಬೇಕಾಗಿಲ್ಲ, ಆಟ ಮಾತ್ರ ಬಿಟ್ಟುಬಿಡಿ ಅಂದರು. ಬಿಡದಿದ್ದರೆ ಅಂತ ಕೇಳಿದೆ. ಅವರು ನನ್ನನ್ನಲ್ಲ, ನನ್ನ ಗಂಡನನ್ನು ನೋಡಿ ನಕ್ಕರು. ಆ ನಗು ನನ್ನನ್ನು ಮೊಣಕಾಲಿಗಿಂತ ಹೆಚ್ಚು ನೋಯಿಸಿತು.

ಹಾಗೆ ನಾನು ಗೆರೆಯ ಹೊರಗೆ ಬಂದೆ. ಶಿವಮೊಗ್ಗದ ಶಾಲೆಯಲ್ಲಿ ಕೆಲಸ ಮುಗಿಸಿ ಬಸ್ಸಿನಲ್ಲಿ ಭದ್ರಾವತಿಗೆ ಬಂದು, ವಾರಕ್ಕೆ ಮೂರು ಸಂಜೆ ಹಳೇ ಮೈದಾನದಲ್ಲಿ ಹೆಂಗಸರ ತಂಡವೊಂದಕ್ಕೆ ಆಟ ಕಲಿಸುತ್ತಿದ್ದೆ. ತಂಡ ಅಂದರೆ ಯಾರು ಬಂದರೋ ಅವರು. ಗೋಲ್‌ಕೀಪರ್ ಸೆಲ್ವಿ ಶಂಕರಘಟ್ಟದ ಯೂನಿವರ್ಸಿಟಿ ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸದವಳು. ನವುಲೆಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಚೈತ್ರಾ ಮುಂದೆ ಆಡುತ್ತಿದ್ದಳು, ಚಿಗರೆಯ ಹಾಗೆ ಓಡುತ್ತಿದ್ದಳು, ಚೆಂಡನ್ನು ಮಾತ್ರ ಹಿಂದೆ ಬಿಟ್ಟು ಓಡುತ್ತಿದ್ದಳು. ಉಳಿದವರು ಕ್ವಾರ್ಟರ್ಸಿನ ಹೆಣ್ಣುಮಕ್ಕಳು, ಇಬ್ಬರು ಬಾಣಂತನ ಮುಗಿಸಿ ಬಂದವರು. ನಾನು ಸೀಟಿ ಊದುತ್ತಿದ್ದೆ.

ಆ ವರ್ಷ ಮಳೆ ಬೇಗ ಹಿಡಿಯಿತು. ಜೂನಿನಲ್ಲಿ ಒಂದು ಸಂಜೆ ಸೆಲ್ವಿ, ಶಂಕರಘಟ್ಟಕ್ಕೆ ಕಪ್ಪೆ ಮೇಡಂ ಬಂದಿದ್ದಾರೆ ಅಕ್ಕ ಅಂದಳು. ಇಟಲಿಯ ಲೂಚಿಯಾ ಅನ್ನುವವರು, ಕಾಡಿನ ಕಪ್ಪೆಗಳ ಮೇಲೆ ಸಂಶೋಧನೆ, ಮಳೆಗಾಲ ಪೂರ್ತಿ ಇರುತ್ತಾರಂತೆ. ಅವರ ಗಂಡ ಏನು ಮಾಡುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ, ಮೇಡಂ ಹೇಳಿದಲ್ಲಿಗೆ ಜೀಪು ಓಡಿಸುತ್ತಾನೆ, ಭದ್ರಾವತಿಯಲ್ಲೇ ಮನೆ ಮಾಡಿದ್ದಾರೆ. ನಾವು ನಕ್ಕು ಮರೆತೆವು.

ಮರುವಾರ ಆ ಮನುಷ್ಯ ಮೈದಾನದ ಮೋಟುಗೋಡೆಯ ಮೇಲೆ ಕೂತಿದ್ದ. ನಲವತ್ತೈದರ ಆಸುಪಾಸು, ತಲೆ ಬೋಳು, ಮಳೆ ಹನಿಯುತ್ತಿದ್ದರೂ ಛತ್ರಿ ಬಿಚ್ಚಿರಲಿಲ್ಲ. ಎರಡು ಸಂಜೆ ಸುಮ್ಮನೆ ನೋಡಿದ. ಮೂರನೆಯ ಸಂಜೆ ನನ್ನ ಹತ್ತಿರ ಬಂದು ಹರುಕು ಇಂಗ್ಲಿಷಿನಲ್ಲಿ, ನೀನು ಯಾಕೆ ಬಲಗಾಲಿನ ಮೇಲೇ ನಿಂತಿರ್ತೀಯ ಅಂತ ಕೇಳಿದ. ಅವನು ಬಗ್ಗಿ ಪ್ಯಾಂಟು ಮೇಲಕ್ಕೆ ಸುತ್ತಿ ತನ್ನ ಎಡ ಮೊಣಕಾಲು ತೋರಿಸಿದ. ಎರಡು ಉದ್ದನೆ ಹೊಲಿಗೆ ಗುರುತು, ನಡುವೆ ಗುಳಿ. ಸೆಲ್ವಿ ಗೋಲ್ ಬಿಟ್ಟು ಓಡಿ ಬಂದು ನೋಡಿ, ಅಯ್ಯೋ ಅಂತ ಮುಟ್ಟಿಯೇಬಿಟ್ಟಳು.

ರೆನ್ಸೋ ಅವನ ಹೆಸರು. ಇಟಲಿಯಲ್ಲಿ ಹದಿನಾರು ವರ್ಷ ಮಿಡ್‌ಫೀಲ್ಡಿನಲ್ಲಿ ಆಡಿದವನು ಅಂತ ತಿಳಿಯಲು ನಮಗೆ ಇನ್ನೂ ಕೆಲವು ದಿನ ಬೇಕಾಯಿತು, ಏಕೆಂದರೆ ಅವನಾಗಿ ಹೇಳುತ್ತಿರಲಿಲ್ಲ. ಕೇಳಿ ಕೇಳಿ ಬಿಡಿಸಿಕೊಂಡೆವು. ಪ್ರಾಕ್ಟೀಸ್ ಮುಗಿದ ಮೇಲೆ ಮೈದಾನದ ಎದುರಿನ ಅಂಗಡಿಯಲ್ಲಿ ಮೆಣಸಿನಕಾಯಿ ಬೋಂಡಾ ತಿನ್ನುತ್ತ, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಹೇಳುತ್ತಿದ್ದ.

ಅವನ ಊರೂ ಉಕ್ಕಿನ ಕಾರ್ಖಾನೆಯ ಊರು. ಅವನಪ್ಪನೂ ಕಾರ್ಖಾನೆಯವನು. ಮೊದಲ ದಿನ ಜೀಪಿನಲ್ಲಿ ಬರುವಾಗ ನಮ್ಮ ಕಾರ್ಖಾನೆಯ ಹೊಗೆ ಇಲ್ಲದ ಚಿಮಣಿ ನೋಡಿ, ಇಲ್ಲೇ ಮನೆ ಮಾಡೋಣ ಅಂತ ಹೆಂಡತಿಗೆ ಹೇಳಿದ್ದನಂತೆ. ಹದಿನೇಳನೇ ವಯಸ್ಸಿಗೆ ಊರಿನ ಕ್ಲಬ್ಬಿಗೆ ಸೇರಿದ. ಅಲ್ಲಿಂದ ಊರೂರು. ಹೆಚ್ಚಿನ ವರ್ಷ ಎರಡನೇ ದರ್ಜೆ, ಮೂರನೇ ದರ್ಜೆಯ ತಂಡಗಳು. ಒಂದೇ ಒಂದು ವರ್ಷ ಮೊದಲ ದರ್ಜೆಯಲ್ಲಿದ್ದ, ಅದರಲ್ಲೂ ಬಹುಪಾಲು ಬೆಂಚಿನ ಮೇಲೆ. ಒಂದು ಸಲ ದೊಡ್ಡ ತಂಡದ ಮೇಲೆ ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿದರು. ಎದುರು ತಂಡದಲ್ಲಿ ಊರಿನವರೆಲ್ಲ ಗೋಡೆಗೆ ಫೋಟೊ ಅಂಟಿಸಿಕೊಂಡಿದ್ದ ಆಟಗಾರನೊಬ್ಬನಿದ್ದ, ಅವನ ಬೆನ್ನು ಬಿಡಬೇಡ ಅಂತ ಅಪ್ಪಣೆ. ಬಿಡಲಿಲ್ಲ. ಇಪ್ಪತ್ತು ನಿಮಿಷ ಅವನ ಬೆನ್ನಿನ ನಂಬರ್ ಬಿಟ್ಟು ಬೇರೇನೂ ನೋಡಲಿಲ್ಲ. ಕಾರ್ಖಾನೆಯಲ್ಲಿ ಅಪ್ಪನ ಸ್ನೇಹಿತರು ರೇಡಿಯೊ ಸುತ್ತ ಕೂತು ಕೇಳಿದರಂತೆ. ರೇಡಿಯೊದಲ್ಲಿ ರೆನ್ಸೋ ಹೆಸರು ಒಂದು ಸಲವೂ ಬರಲಿಲ್ಲ. ಆ ಆಟಗಾರನ ಹೆಸರೂ ಬರಲಿಲ್ಲ. ಅಪ್ಪ ಅದನ್ನೇ ಹೇಳಿಕೊಂಡು ಎಲ್ಲರಿಗೂ ವೈನು ಕುಡಿಸಿದ.

ಮೊಣಕಾಲು ಮೊದಲ ಸಲ ಹೋದದ್ದು ಇಪ್ಪತ್ತೆಂಟರಲ್ಲಿ. ಕೊಯ್ದರು, ಹೊಲಿದರು, ಆಡಿದ. ಮತ್ತೆ ಹೋಯಿತು, ಮತ್ತೆ ಕೊಯ್ದರು. ಕೊನೆಯ ಐದು ವರ್ಷ ಅವನು ಆಡಿದ್ದು ಒಂದೂವರೆ ಕಾಲಿನಲ್ಲಿ. ಒಂದು ದಿನ ಹೊಸದಾಗಿ ಬಂದ ಕೋಚ್ ವರಾಂಡದಲ್ಲಿ ತಡೆದು, ನಾಳೆಯಿಂದ ಬರೋದು ಬೇಡ ಅಂದ. ಸರಿ ಅಂದ ರೆನ್ಸೋ. ಅಷ್ಟೇ. ಆಮೇಲೆ ಇನ್ಶೂರೆನ್ಸ್ ಮಾರಿದ, ಅದು ಆಗಲಿಲ್ಲ. ಟೈಲ್ಸ್ ಅಂಗಡಿಯಲ್ಲಿದ್ದ, ಅದೂ ಆಗಲಿಲ್ಲ. ಈಗ ನಾನು ಕಪ್ಪೆಗಳ ಡ್ರೈವರ್ ಅನ್ನುತ್ತಿದ್ದ, ಮುಖದಲ್ಲಿ ನಗು ತೋರದೆ.

ಅವನು ನಮಗೆ ಕೋಚ್ ಆದದ್ದು ಯಾರೂ ಕೇಳಿಕೊಂಡದ್ದಲ್ಲ. ಒಂದು ಸಂಜೆ ನನ್ನ ಕೈಯಿಂದ ಸೀಟಿ ತೆಗೆದುಕೊಂಡ. ಒಳಗೆ ಹೋಗು ಅಂದ. ನನಗೆ ಕೋಪ ಬಂತು, ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟು:

"ನಿನಗೆ ತಿರುಗೋಕೆ ಆಗಲ್ಲ. ಸರಿ. ತಿರುಗದೆ ಆಡೋದು ಕಲಿ."

ಆ ಎರಡು ತಿಂಗಳು ನಾನು ಮೂವತ್ತಮೂರನೇ ವಯಸ್ಸಿನಲ್ಲಿ ಫುಟ್‌ಬಾಲ್ ಅನ್ನು ಮೊದಲಿನಿಂದ ಕಲಿತೆ. ಮೊದಲು ತೊಡೆಯ ಸ್ನಾಯುವಿಗೆ ವ್ಯಾಯಾಮ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದ ಕುರ್ಚಿಯ ಮೇಲೆ ಕೂರುವುದು, ಮರಳು ಚೀಲ ಕಟ್ಟಿಕೊಂಡು ಕಾಲೆತ್ತುವುದು. ನಾನು ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ತನಕ ಗೋಡೆಗೆ ಒರಗಿ ಕೂತಿದ್ದರೆ ನನ್ನ ಅತ್ತೆ ಮೊದಲ ವಾರ ಸುಮ್ಮನೆ ನೋಡಿದರು, ಎರಡನೇ ವಾರ ತಾವೂ ಪಕ್ಕದಲ್ಲಿ ಒರಗಿದರು, ತಮ್ಮ ಮಂಡಿನೋವಿಗೂ ಆಗುತ್ತೇನೋ ಅಂತ. ಆಮೇಲೆ ಚೆಂಡು. ಮಿಡ್‌ಫೀಲ್ಡರ್ ಚೆಂಡು ಬಂದ ಮೇಲೆ ತಿರುಗಿ ನೋಡುತ್ತಾಳೆ, ಮೊಣಕಾಲು ಹೋಗುವುದೇ ಅಲ್ಲಿ. ಚೆಂಡು ಬರುವ ಮೊದಲೇ ಎರಡು ಭುಜದ ಮೇಲೂ ನೋಡಿಕೊಂಡು, ಓರೆಯಾಗಿ ನಿಂತು, ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಿ ಇಟ್ಟುಕೊಂಡರೆ ತಿರುಗುವ ಕೆಲಸವೇ ಇಲ್ಲ. ಹೇಳಲು ಸುಲಭ. ನಾನು ಚೆಂಡು ಮುಟ್ಟುವ ಕ್ಷಣಕ್ಕೆ ಅವನು ಹಿಂದಿನಿಂದ, ಸೆಲ್ವಿ ಎಲ್ಲಿ, ಚೈತ್ರಾ ಎಲ್ಲಿ ಅಂತ ಕೂಗುತ್ತಿದ್ದ. ತಪ್ಪು ಹೇಳಿದರೆ ಚೆಂಡು ಕಿತ್ತುಕೊಳ್ಳುತ್ತಿದ್ದ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಸಂತೆಯಲ್ಲಿ ನಾನು ಭುಜದ ಮೇಲಿಂದ ನೋಡುವುದನ್ನು ರೂಢಿ ಮಾಡಿಕೊಂಡೆ. ಯಾರೋ ಹಿಂಬಾಲಿಸುತ್ತಿದ್ದಾರೆ ಅಂದುಕೊಂಡ ನನ್ನ ಸಹೋದ್ಯೋಗಿಯೊಬ್ಬರು ಪೊಲೀಸ್ ಕಂಪ್ಲೇಂಟ್ ಕೊಡೋಣ್ವಾ ಅಂತ ಕೇಳಿದರು.

ಮಳೆ ನಿಲ್ಲಲೇ ಇಲ್ಲ. ಜುಲೈನಲ್ಲಿ ಗೋಲಿನ ಮುಂದೆ ಕೆರೆಯಂತೆ ನೀರು ನಿಂತಿತು. ಒಂದು ಸಂಜೆ ಲೂಚಿಯಾ ಮೇಡಂ ಬಂದು, ಸೆಲ್ವಿ ಕಾಯುತ್ತಿದ್ದ ಗೋಲಿನೊಳಗೆ ಟಾರ್ಚ್ ಹಿಡಿದು ಬಗ್ಗಿ, ಇಲ್ಲಿ ಒಳ್ಳೆಯ ಕಪ್ಪೆಗಳಿವೆ ಅಂತ ಸಂತೋಷಪಟ್ಟರು. ರೆನ್ಸೋಗೆ ಅಷ್ಟು ಹೊತ್ತಿಗೆ ಭದ್ರಾವತಿಯ ಭಾಷೆ ಹತ್ತಿತ್ತು. ಅರ್ಧ ಕನ್ನಡ, ಅರ್ಧ ತಮಿಳು, ನಡುವೆ ಚೈತ್ರಾ ಕಲಿಸಿದ ಮಾರಾಯ್ತಿ. ಅದು ಹೆಂಗಸರನ್ನು ಕರೆಯುವ ಗೌರವದ ಮಾತು ಅಂತ ಅವಳು ನಂಬಿಸಿದ್ದಳು. ನನ್ನ ಅತ್ತೆಯನ್ನು ಮೊದಲ ಸಲ ಕಂಡಾಗ ಅವನು ಕೈಮುಗಿದು, ನಮಸ್ಕಾರ ಮಾರಾಯ್ತಿ ಅಂದ. ಅತ್ತೆ ಅವನಿಗೆ ಎರಡು ಸಲ ಕಾಫಿ ಕೊಟ್ಟರು.

ಮನೆಯಲ್ಲಿ ಒಪ್ಪದೆ ಉಳಿದವರು ನನ್ನ ಗಂಡ. ಕೂಗಾಡುವ ಮನುಷ್ಯ ಅಲ್ಲ. ಒಂದು ದಿನ ನಾನು ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದಾಗ ಪಕ್ಕದಲ್ಲಿ ಕೂತು, "ಉಮಾ, ಈ ಮಂಡಿ ನಿನ್ನೊಬ್ಬಳದ್ದಲ್ಲ. ನಾಳೆ ನಿನ್ನನ್ನ ಎತ್ತಿ ಬಾತ್‌ರೂಮಿಗೆ ಕರ್ಕೊಂಡು ಹೋಗೋದು ನಾನು," ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ನಾನು, ಎತ್ತಿದ್ರೆ ಎತ್ತಿ, ಹೊರಗೆ ನಿಂತು ಸೀಟಿ ಊದಿಕೊಂಡು ಮುದುಕಿ ಆಗೋದು ನನ್ನ ಕೈಲಾಗಲ್ಲ ಅಂದೆ. ಅವರು ಎದ್ದು ಹೋಗಿ ಇನ್ನಷ್ಟು ಐಸ್ ತಂದರು. ಒಪ್ಪಿಗೆ ಅಲ್ಲ ಅದು. ಬರೀ ಐಸ್.

ಆಗಸ್ಟಿನಲ್ಲಿ ಶಿವಮೊಗ್ಗದ ಮುಕ್ತ ಟೂರ್ನಮೆಂಟಿನ ಸುದ್ದಿ ಬಂತು. ಗಂಡಸರಿಗೆ ಹತ್ತು ದಿನದ ಪಂದ್ಯಾವಳಿ. ಹೆಂಗಸರ ವಿಭಾಗ ಇಡಿ ಅಂತ ಕೇಳಲು ನಾನು ಮತ್ತು ಶಿವಮೊಗ್ಗ ತಂಡದ ಕ್ಯಾಪ್ಟನ್ ರುಬೀನಾ ಸಮಿತಿಯ ಅಧ್ಯಕ್ಷ ಪರಮೇಶಣ್ಣನ ಹತ್ತಿರ ಹೋದೆವು. ರುಬೀನಾ ಗಾಂಧಿ ಬಜಾರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು, ಮೈದಾನದಲ್ಲಿ ಹುಲಿ. ಪರಮೇಶಣ್ಣ ಕೆಟ್ಟವರಲ್ಲ, ಕೂರಿಸಿ ಟೀ ತರಿಸಿದರು. ಎರಡೇ ತಂಡಕ್ಕೆ ವಿಭಾಗ ಮಾಡೋಕಾಗುತ್ತೇನಮ್ಮ ಅಂದರು. ಗಂಡಸರ ಫೈನಲ್‌ಗೆ ಮುಂಚೆ ಒಂದು ಪ್ರದರ್ಶನ ಪಂದ್ಯ ಆಡಿ, ಅರ್ಧ ಗಂಟೆ, ಜನಕ್ಕೂ ಚೆನ್ನಾಗಿರುತ್ತೆ, ಅತಿಥಿಗಳು ಬರೋ ತನಕ ಹೊತ್ತೂ ಹೋಗುತ್ತೆ.

ಅತಿಥಿಗಳಿಗೆ ಹೊತ್ತು ಹೋಗಿಸಲು ನಾವು ಡೊಳ್ಳಿನವರಲ್ಲ ಅಂತ ರುಬೀನಾ ಅಂದಳು. ತೊಂಬತ್ತು ನಿಮಿಷ ಕೊಡಿ, ಇಲ್ಲದಿದ್ದರೆ ಬೇಡ ಅಂತ ನಾನು ಅಂದೆ. ಹೆಣ್ಣುಮಕ್ಕಳು ಅಷ್ಟು ಹೊತ್ತು ಆಡಿದರೆ ಸುಸ್ತಾಗುತ್ತಾರೆ ಅಂತ ಅವರು ನಿಜವಾದ ಕಾಳಜಿಯಿಂದಲೇ ಹೇಳಿದರು. ಸುಸ್ತಾಗೋಕೇ ಸಾರ್ ಆಡೋದು ಅಂದೆ. ಕೊನೆಗೆ ಆಯ್ತು, ಪೂರ್ತಿ ಆಡಿ, ಮಧ್ಯಾಹ್ನ ಬೇಗ ಶುರು ಮಾಡೋಣ ಅಂದರು. ಹೊರಗೆ ಬಂದ ಮೇಲೆ ರುಬೀನಾ, ಇವರ ಮಾತು ನಂಬಬೇಡ ಮಾರಾಯ್ತಿ, ಹೊಲಿಗೆಗೆ ಕೊಟ್ಟ ಬಟ್ಟೆ ನಾಳೆ ಕೊಡ್ತೀನಿ ಅಂತ ನಾನೂ ದಿನಾ ಹೇಳ್ತೀನಿ ಅಂದಳು.

ಮೊನ್ನೆ ನಾನು ನೆನೆದು ನಿಂತಿದ್ದ ಕ್ರೀಡಾಂಗಣದಲ್ಲೇ ಪಂದ್ಯ. ಆ ದಿನ ಬೆಳಿಗ್ಗೆಯಿಂದ ಸುರಿಯಿತು. ಬೇಗ ಶುರುವಾಗಬೇಕಿದ್ದದ್ದು ತಡವಾಯಿತು. ಕರಗಿದ ಗೆರೆಗಳ ಮೇಲೆ ಮತ್ತೆ ಸುಣ್ಣ ಹಾಕಿದರು, ಅದೂ ಕರಗಿತು. ರೆಫ್ರಿ ನಮ್ಮೂರಿನ ಡೇವಿಡ್ ಸರ್. ಕಾರ್ಖಾನೆಯಲ್ಲಿ ನಿವೃತ್ತರಾದವರು, ಒಂದು ಕಾಲದ ಒಳ್ಳೆಯ ಆಟಗಾರರು, ಮಾತು ಬಹಳ ಕಡಿಮೆ. ಗ್ಯಾಲರಿಯಲ್ಲಿ ಫೈನಲ್ ನೋಡಲು ಬಂದ ಜನ ಛತ್ರಿ ಹಿಡಿದು ತುಂಬಿದ್ದರು. ಮೊದಲ ಹತ್ತು ನಿಮಿಷ ನಗು, ಶಿಳ್ಳೆ, ಯಾರಾದರೂ ಬಿದ್ದರೆ ಹೋ ಅನ್ನುವುದು. ಆಮೇಲೆ ರುಬೀನಾ ಮೂವತ್ತು ಗಜದಿಂದ ಒದ್ದ ಚೆಂಡು ಸೆಲ್ವಿಯ ಬೆರಳು ಸವರಿ ಒಳಗೆ ಹೋಯಿತು. ನಗು ನಿಂತಿತು. ಅಲ್ಲಿಂದ ಮುಂದೆ ಜನ ಆಟ ನೋಡತೊಡಗಿದರು.

ನಾನು ಆಡುತ್ತಿದ್ದೆ. ಎಷ್ಟೋ ಕಾಲದ ಮೇಲೆ ಬಿಳಿ ಗೆರೆಯ ಒಳಗೆ. ಬಲ ಭುಜದ ಮೇಲೆ ನೋಡು, ಎಡ ಭುಜದ ಮೇಲೆ ನೋಡು, ಓರೆಯಾಗಿ ನಿಲ್ಲು, ಕೊಡು. ಕೆಸರಿನಲ್ಲಿ ಓಡುವವರೆಲ್ಲ ಜಾರುತ್ತಿದ್ದರು. ನಾನು ಓಡದೆ ಆಡುವುದನ್ನು ಕಲಿತಿದ್ದೆ. ಆ ಮಳೆ ನನಗೇ ಬಂದ ಹಾಗಿತ್ತು.

ಹಾಫ್ ಟೈಮಿಗೆ ನೀರು ಕುಡಿಯುತ್ತಿದ್ದಾಗ ಮೈಕಿನಲ್ಲಿ ಘೋಷಣೆ ಬಂತು. ಮಹಿಳೆಯರ ಪ್ರದರ್ಶನ ಪಂದ್ಯ ಇಲ್ಲಿಗೆ ಮುಕ್ತಾಯವಾಗಿದೆ, ಸುಂದರವಾಗಿ ಆಡಿದ ಸಹೋದರಿಯರಿಗೆ ಅಭಿನಂದನೆಗಳು, ಮುಖ್ಯ ಅತಿಥಿಗಳು ಆಗಮಿಸಿದ್ದಾರೆ, ದಯವಿಟ್ಟು ಮೈದಾನ ತೆರವು ಮಾಡಬೇಕು.

ನಮ್ಮ ಹುಡುಗಿಯರು ನನ್ನ ಮುಖ ನೋಡಿದರು. ನಾನು ರೆನ್ಸೋ ಮುಖ ನೋಡಿದೆ. ಅವನಿಗೆ ಘೋಷಣೆ ಅರ್ಥವಾಗಿರಲಿಲ್ಲ. ಹೇಳಿದೆ. ಅವನು, ಇದು ನಿಮ್ಮ ಊರು, ನೀವೇ ತೀರ್ಮಾನ ಮಾಡಿ ಅಂದ. ಅಷ್ಟರಲ್ಲಿ ಆ ತುದಿಯಿಂದ ರುಬೀನಾ ಒಬ್ಬಳೇ ನಡೆದು ಮಧ್ಯದ ವೃತ್ತಕ್ಕೆ ಬಂದಳು, ಸೊಂಟದ ಮೇಲೆ ಕೈ ಇಟ್ಟು ನಿಂತಳು. ನಾನೂ ಹೋದೆ. ಗೆಲ್ಲುತ್ತಿದ್ದವಳು ಅವಳು. ಅಲ್ಲಿಗೆ ನಿಲ್ಲಿಸಿದರೆ ಗೆಲುವು ಅವಳದ್ದು.

"ಅರ್ಧ ಹೊಲಿದ ಬ್ಲೌಸ್ ನಾನು ಯಾರಿಗೂ ಕೊಟ್ಟಿಲ್ಲ," ಅಂದಳು.

ನಾವು ಇಬ್ಬರೂ ಡೇವಿಡ್ ಸರ್ ಕಡೆ ನೋಡಿದೆವು. ಅವರು ವಾಚು ಒರೆಸಿಕೊಳ್ಳುತ್ತ ವೃತ್ತದೊಳಗೆ ಬಂದರು. ಹಿಂದೆಯೇ ಪರಮೇಶಣ್ಣ ಛತ್ರಿ ಹಿಡಿದು, ಪಂಚೆ ಎತ್ತಿಕೊಂಡು, ಏನ್ರೀ ಇದು, ಅತಿಥಿಗಳು ಕಾಯ್ತಿದ್ದಾರೆ, ಮ್ಯಾಚ್ ಮುಗೀತು ಅಂತ ಹೇಳಿಯಾಯ್ತಲ್ಲ ಅನ್ನುತ್ತ ಬಂದರು. ಡೇವಿಡ್ ಸರ್ ಅವರಿಗೆ ಮರ್ಯಾದೆಯಿಂದಲೇ ಹೇಳಿದರು.

"ಸಾರ್, ನಾನು ಊದಿದ್ದು ಹಾಫ್ ಟೈಮಿನ ಸೀಟಿ. ಮುಗಿದ ಸೀಟಿ ಇನ್ನೂ ಊದಿಲ್ಲ. ಮೈದಾನದಲ್ಲಿ ಮುಗೀತು ಅಂತ ಹೇಳೋದು ನಾನು, ಮೈಕಲ್ಲ. ನೀವು ಹೊರಗೆ ಹೋಗಬೇಕು."

ಪರಮೇಶಣ್ಣ ಹೋಗಲಿಲ್ಲ. ಡೇವಿಡ್ ಸರ್ ಅವರನ್ನು ಇನ್ನೊಂದು ಸಲ ಕೇಳಲೂ ಇಲ್ಲ. ಎರಡೂ ತಂಡಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಸೀಟಿ ಊದಿದರು. ಆಟ ಶುರುವಾಯಿತು. ಪರಮೇಶಣ್ಣ ಮೈದಾನದ ನಡುವೆ ಛತ್ರಿ ಹಿಡಿದು ನಿಂತಿದ್ದರು, ನಾವು ಅವರ ಸುತ್ತ ಆಡಿದೆವು. ನನ್ನ ಒಂದು ಪಾಸ್ ಅವರ ಪಂಚೆಯ ಪಕ್ಕದಲ್ಲೇ ಹೋಯಿತು. ಮೈಕು ಕೂಗುತ್ತಲೇ ಇತ್ತು. ಗ್ಯಾಲರಿಯಲ್ಲಿ ಮೊದಲು ಯಾರು ಚಪ್ಪಾಳೆ ತಟ್ಟಿದರೋ ಗೊತ್ತಿಲ್ಲ, ಸ್ವಲ್ಪ ಹೊತ್ತಿಗೆ ಮೈಕು ಕೇಳಿಸದಾಯಿತು. ಪರಮೇಶಣ್ಣ ನಿಧಾನವಾಗಿ, ಯಾರಿಗೂ ಡಿಕ್ಕಿಯಾಗದ ಹಾಗೆ ಎರಡೂ ಕಡೆ ನೋಡಿಕೊಂಡು, ರಸ್ತೆ ದಾಟುವವರಂತೆ ಆಚೆ ನಡೆದರು.

ಆಮೇಲೆ ಬಂತು ನನ್ನ ಸರದಿ. ಎರಡನೇ ಅರ್ಧ ಸುಮಾರು ನಡುವಿಗೆ ಬಂದಿರಬೇಕು. ರುಬೀನಾಳಿಂದ ಚೆಂಡು ತಪ್ಪಿಸಲು ಕಾಲು ಚಾಚಿದೆ. ಅವಳ ತಪ್ಪಲ್ಲ, ನನ್ನದೂ ಅಲ್ಲ, ಕೆಸರು ಕಾಲನ್ನು ಹಿಡಿದುಕೊಂಡಿತು. ಮತ್ತೆ ಅದೇ ಲಟಕ್. ಎದ್ದೆ. ಕಾಲು ಊರಿದರೆ ಒಳಗೆ ಬಾಗಿಲು ಸಡಿಲವಾದಂತೆ ಆಡುತ್ತಿತ್ತು. ಹೊರಗೆ ರೆನ್ಸೋ ಆಗಲೇ ನೋಡಿಬಿಟ್ಟಿದ್ದ. ಕೊನೆಯ ಹೊತ್ತಿಗೆ ಅಂತ ಬೆಂಚಿನ ಮೇಲೆ ಉಳಿಸಿಕೊಂಡಿದ್ದ ಚೈತ್ರಾಳನ್ನು ಎಬ್ಬಿಸಿ ಗೆರೆಯ ಹತ್ತಿರ ನಿಲ್ಲಿಸಿ, ನನ್ನ ಕಡೆ ಕೈ ಮಾಡಿದ. ಬಾ.

ನಾನು ಗೆರೆಯ ತನಕ ಹೋದೆ. ಅವನು ನನ್ನ ತೋಳು ಹಿಡಿಯಲು ಬಂದ. ಬೇರೆ ಯಾರನ್ನಾದರೂ ತೆಗಿ, ನಾನು ಬರೋಲ್ಲ ಅಂದೆ. ಅವನ ಮುಖ ಕೆಂಪಾಯಿತು. ಆ ಇಡೀ ಮಳೆಗಾಲದಲ್ಲಿ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವನ ಭಾಷೆಯಲ್ಲೇ ಬೈದ, ಆಮೇಲೆ ನನ್ನ ಭಾಷೆಯಲ್ಲಿ, ಕಾಲು ಹೋಗುತ್ತೆ ಮಾರಾಯ್ತಿ ಅಂದ. ಹೋಗಲಿ ಅಂದೆ. ನಾನು ಕೋಚ್ ಅಂದ. ಹೌದು, ನಾನು ಕ್ಯಾಪ್ಟನ್ ಅಂದೆ. ಮೈಕು ಹೇಳಿದ್ದಕ್ಕೆ ಹೋಗದವಳು ಇನ್ನೊಬ್ಬರು ಹೇಳಿದ್ದಕ್ಕೆ ಹೋಗುವುದಾದರೆ, ಅರ್ಧ ಗಂಟೆಯ ಹಿಂದೆ ಆ ವೃತ್ತದಲ್ಲಿ ಯಾಕೆ ನಿಂತೆ? ಅದನ್ನು ಅವನಿಗೆ ಬಿಡಿಸಿ ಹೇಳುವಷ್ಟು ಇಂಗ್ಲಿಷೂ ನನಗಿರಲಿಲ್ಲ, ಹೊತ್ತೂ ಇರಲಿಲ್ಲ. ತಿರುಗಿ ನಡೆದೆ. ತುಂಬ ಸುಸ್ತಾಗಿದ್ದ ಇನ್ನೊಬ್ಬ ಹುಡುಗಿ ತಾನೇ ಕೈ ಎತ್ತಿ ಹೊರಗೆ ಬಂದಳು, ಚೈತ್ರಾ ಒಳಗೆ ಬಂದಳು. ರೆನ್ಸೋ ನೀರಿನ ಬಾಟಲಿ ಒದ್ದು ಬೆನ್ನು ತಿರುಗಿಸಿ ನಿಂತ.

ಮಿಕ್ಕ ಹೊತ್ತು ನಾನು ಒಂದೇ ಜಾಗದಲ್ಲಿ ಕಂಬದ ಹಾಗೆ ನಿಂತು ಆಡಿದೆ. ಅಳು ಬರುತ್ತಿತ್ತು, ಮಳೆಯಲ್ಲಿ ಯಾರಿಗೂ ಕಾಣಲಿಲ್ಲ. ಸೆಲ್ವಿ ಎಸೆದ ಚೆಂಡು ನನ್ನ ಕಡೆ ಬಂದಾಗ ಚೈತ್ರಾ ಎಲ್ಲಿದ್ದಾಳೆ ಅಂತ ನನಗೆ ಮೊದಲೇ ಗೊತ್ತಿತ್ತು. ನೋಯುವ ಎಡಗಾಲನ್ನು ಹೇಗೋ ಊರಿ ಬಲಗಾಲಲ್ಲಿ ಬಂದ ಹಾಗೇ ಒದ್ದೆ, ನೀರು ನಿಂತ ಜಾಗದ ಮೇಲಿಂದ. ಆ ಸಲ ಅವಳು ಚೆಂಡನ್ನು ಹಿಂದೆ ಬಿಡಲಿಲ್ಲ. ಗೋಲು. ಗ್ಯಾಲರಿ ಎದ್ದು ನಿಂತಿತು. ಚೈತ್ರಾ ಓಡಿ ಬಂದು ನನ್ನ ಮೇಲೆ ಬೀಳಲು ನೋಡಿದಾಗ ದೂರದಿಂದಲೇ ಕೈ ಅಡ್ಡ ಹಿಡಿದೆ.

ಕೊನೆಯಲ್ಲಿ ಒಂದು ಕಾರ್ನರ್‌ಗೆ ರುಬೀನಾ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟಳು. ಎರಡು ಒಂದು. ನಾವು ಸೋತೆವು. ಡೇವಿಡ್ ಸರ್ ಕೊನೆಯ ಸೀಟಿ ಊದಿ, ವಾಚನ್ನು ಪರಮೇಶಣ್ಣನ ಕಡೆ ತೋರಿಸಿ, ಈಗ ಮುಗೀತು ಸಾರ್ ಅಂದರು.

ಗಂಡಸರ ಫೈನಲ್ಲಿಗೆ ಬೆಳಕು ಸಾಲಲಿಲ್ಲ, ಮರುದಿನಕ್ಕೆ ಹೋಯಿತು. ಅತಿಥಿಗಳು ಭಾಷಣ ಮಾಡದೆ ಹೊರಟರು. ಅದರ ಲೆಕ್ಕವನ್ನು ಸಮಿತಿಯವರು ನಮ್ಮಿಂದ ತೀರಿಸಿಕೊಂಡರು ಅನ್ನಿ. ಆ ಎರಡು ಹೆಂಗಸರ ತಂಡಗಳನ್ನು ಇನ್ನು ಕರೆಯುವುದಿಲ್ಲ ಅಂತ ಸಮಿತಿ ತೀರ್ಮಾನ ಮಾಡಿತು. ಡೇವಿಡ್ ಸರ್‌ಗೂ ಅಲ್ಲಿ ಮತ್ತೆ ಸೀಟಿ ಕೊಡಲಿಲ್ಲ. ನಾನು ಅವರ ಮನೆಗೆ ಹೋಗಿ ನಮ್ಮಿಂದ ಹೀಗಾಯ್ತು ಅಂದರೆ, ನಿಮ್ಮಿಂದ ಯಾಕಮ್ಮ, ಊದಿದ್ದು ನಾನು ಅಂದರು.

ರೆನ್ಸೋ ನನ್ನನ್ನು ಜೀಪಿನಲ್ಲಿ ಮನೆಗೆ ತಂದು ಬಿಟ್ಟ. ಆಮೇಲೆ ಹಲವು ದಿನ ಮೈದಾನದ ಕಡೆ ಬರಲಿಲ್ಲ. ನನ್ನ ಮಂಡಿ ತೆಂಗಿನಕಾಯಿಯಂತೆ ಊದಿಕೊಂಡಿತ್ತು. ಗಂಡ ಹೇಳಿದ್ದಂತೆಯೇ ಎತ್ತಿ ಕರೆದುಕೊಂಡು ಹೋಗಿ ಬಂದರು, ಒಂದು ಮಾತೂ ಆಡಲಿಲ್ಲ. ಮೂರನೆಯ ದಿನ ಮಾತ್ರ, ಆ ಪಾಸ್ ನಾನು ಗ್ಯಾಲರಿಯಿಂದ ನೋಡಿದೆ ಅಂದರು. ಅವರು ಅಲ್ಲಿಗೆ ಬಂದಿದ್ದೇ ನನಗೆ ಗೊತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ರೆನ್ಸೋ ಮನೆಗೆ ಬಂದ. ಅತ್ತೆ ಕಾಫಿ ಕೊಟ್ಟರು. ನನ್ನ ಮಂಡಿಯನ್ನು ಒತ್ತಿ, ಬಾಗಿಸಿ, ಡಾಕ್ಟರಿನಂತೆ ನೋಡಿದ. ಇನ್ನು ಆಪರೇಷನ್ ಮಾಡಿಸದೆ ಆಗಲ್ಲ ಅಂದ. ಆಮೇಲೆ ಕಪ್ಪು ತಿರುಗಿಸುತ್ತ ಕೂತು ಹೇಳಿದ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ:

"ಹದಿನಾರು ವರ್ಷದಲ್ಲಿ ಒಬ್ಬ ಕೋಚ್‌ಗೂ ನಾನು ಇಲ್ಲ ಅಂದಿಲ್ಲ. ಅದಕ್ಕೇ ಹದಿನಾರು ವರ್ಷ ಆಡಿದೆ ಅಂದುಕೊಂಡಿದ್ದೆ."

ಈಗ ಏನನ್ನಿಸುತ್ತೆ ಅಂತ ಕೇಳಿದೆ.

"ಈಗಲೂ ಹಾಗೇ ಅನ್ನಿಸುತ್ತೆ. ನೀನು ಮಾಡಿದ್ದು ತಪ್ಪು. ಪಾಸ್ ಚೆನ್ನಾಗಿತ್ತು."

ಅವನ ಬಾಯಿಂದ ನಾನು ಕೇಳಿದ ಒಂದೇ ಹೊಗಳಿಕೆ ಅದು. ನಾನು ಕ್ಷಮೆ ಕೇಳಲಿಲ್ಲ, ಅವನೂ ಕೇಳಲಿಲ್ಲ. ಮಳೆ ತೀರಿ ಕಪ್ಪೆಗಳು ಸುಮ್ಮನಾದ ಮೇಲೆ ಅವರಿಬ್ಬರೂ ಹೊರಟರು. ಈಗ ಅವನ ಊರಿನಲ್ಲೇ ಹುಡುಗಿಯರ ತಂಡವೊಂದಕ್ಕೆ ಕಲಿಸುತ್ತಾನಂತೆ, ಯಾರೂ ಮಾತು ಕೇಳುವುದಿಲ್ಲ ಅಂತ ಲೂಚಿಯಾ ಮೇಡಂ ಒಮ್ಮೆ ಫೋನಿನಲ್ಲಿ ನಕ್ಕರು.

ಮರುವರ್ಷ ನಾವು ಯಾರನ್ನೂ ಕೇಳದೆ ಭದ್ರಾವತಿಯ ಹಳೇ ಮೈದಾನದಲ್ಲೇ ಆಡಿದೆವು. ನಾವು, ರುಬೀನಾಳ ತಂಡ, ಶಂಕರಘಟ್ಟದ ವಿದ್ಯಾರ್ಥಿನಿಯರ ಒಂದು ತಂಡ. ಕಪ್ಪಿಲ್ಲ, ಅತಿಥಿಗಳಿಲ್ಲ, ಮೈಕಿಲ್ಲ. ರೆಫ್ರಿ ಡೇವಿಡ್ ಸರ್. ಈಗ ಆರು ತಂಡಗಳಾಗಿವೆ. ಶಿವಮೊಗ್ಗದ ಸಮಿತಿ ಇವತ್ತಿನವರೆಗೂ ನಮ್ಮನ್ನು ಕರೆದಿಲ್ಲ, ನಾವೂ ಕೇಳಲು ಹೋಗಿಲ್ಲ.

ಮಂಡಿಗೆ ಆಪರೇಷನ್ ಆಯಿತು, ಅದೇ ಡಾಕ್ಟರ್ ಕೈಯಲ್ಲಿ. ಒಳಗೆ ಎರಡು ಸ್ಕ್ರೂ ಇವೆ, ಚಳಿಗಾಲದಲ್ಲಿ ನೋಯುತ್ತೆ. ಈ ವರ್ಷ ತೋರಿಸಲು ಹೋದಾಗ ಅವರು ಕನ್ನಡಕ ತೆಗೆದು, ಈ ಸಲ ನನ್ನನ್ನೇ ನೋಡಿ, ನಲವತ್ತಾಯ್ತು, ಇನ್ನೂ ಆಡ್ತೀರಾ ಅಂತ ಕೇಳಿದರು. ಭಾನುವಾರ ಬನ್ನಿ, ನೋಡಿ ಅಂದೆ. ಬರಲಿಲ್ಲ. ನಾವು ಆಡಿದೆವು. ರುಬೀನಾಳ ತಂಡದ ಮೇಲೆ ಮತ್ತೆ ಸೋತೆವು, ತೊಂಬತ್ತು ನಿಮಿಷ ಪೂರ್ತಿ ಆಡಿ ಸೋತೆವು.